ಏಳು ಡಾಲರ್ ಬೇಡ ಅಂದವರು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ.

ನಿನ್ನ ಮೆಸೇಜ್ ಓದಿದೆ. ಒಂದೇ ತಂಡ, ಒಂದೇ ಕೆಲಸ, ಪಕ್ಕದ ಸೀಟಿನ ಹುಡುಗನಿಗೆ ಮಾತ್ರ ನಿನಗಿಂತ ಜಾಸ್ತಿ ಸಂಬಳ. ಗೊತ್ತಾದಾಗಿನಿಂದ ಊಟ ಸೇರುತ್ತಿಲ್ಲ ಅಂತೀಯ. ನಿಮ್ಮಮ್ಮ ಆಗಲೇ ನನಗೆ ಫೋನ್ ಮಾಡಿ, ಸುಮ್ನೆ ಇರೋಕೆ ಹೇಳು, ಕೆಲಸ ಹೋದರೆ ವೀಸಾ ಗತಿ ಏನು ಅಂತ ಗೋಗರೆದಳು. ಬ್ಯಾಂಕ್ ಯೂನಿಯನ್‌ನಲ್ಲಿ ಅರ್ಧ ಆಯಸ್ಸು ಕಳೆದ ನಾನು ಹಾಗೆ ಹೇಳುವ ಆಸಾಮಿಯಲ್ಲ ಅಂತ ಅವಳಿಗೂ ಗೊತ್ತು. ಹಾಗಂತ ನಾಳೆಯೇ ರಾಜೀನಾಮೆ ಎಸೆದು ಬಾ ಅಂತಲೂ ಹೇಳೋದಿಲ್ಲ.

ನಿಮ್ಮ ಬಾಸ್ಟನ್‌ನಲ್ಲೇ, ಕಾಮನ್ ಪಾರ್ಕಿನ ಅಂಚಿನಲ್ಲಿ, ಸ್ಟೇಟ್ ಹೌಸ್ ಎದುರು ಕಂಚಿನ ಉಬ್ಬುಶಿಲ್ಪ ಒಂದಿದೆ. ಕುದುರೆ ಮೇಲೆ ಒಬ್ಬ ಬಿಳಿಯ ಅಧಿಕಾರಿ, ಜೊತೆಗೆ ಬಂದೂಕು ಹೊತ್ತು ನಡೆಯುವ ಕಪ್ಪು ಸೈನಿಕರು. ಎಷ್ಟೋ ಸಲ ಅದರ ಮುಂದೆ ಹಾದು ಹೋಗಿರ್ತೀಯ. ಅವರು 54ನೇ ಮ್ಯಾಸಚೂಸೆಟ್ಸ್ ಸ್ವಯಂಸೇವಕ ಕಾಲ್ದಳದವರು. ಅವರ ಯುದ್ಧದ ಕಥೆ ತುಂಬಾ ಜನಕ್ಕೆ ಗೊತ್ತು. ಸಂಬಳದ ಕಥೆ ಅಷ್ಟು ಗೊತ್ತಿಲ್ಲ. ನನಗೆ ಎರಡನೆಯದೇ ದೊಡ್ಡದು.

ಅಮೆರಿಕದ ಅಂತರ್ಯುದ್ಧದ ಕಾಲ, ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದ ಸರ್ಕಾರಕ್ಕೂ ಕದನ. 1863ರ ಮೊದಲ ದಿನವೇ ಅಧ್ಯಕ್ಷ ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ್ದರು. ಮ್ಯಾಸಚೂಸೆಟ್ಸ್ ಗವರ್ನರ್ ಜಾನ್ ಆಂಡ್ರೂ ಕಪ್ಪು ಜನರ ರೆಜಿಮೆಂಟ್ ಕಟ್ಟಲು ಹೊರಟರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಕಪ್ಪು ಜನರ ನಾಯಕರಾಗಿದ್ದ ಫ್ರೆಡರಿಕ್ ಡಗ್ಲಾಸ್ ಊರೂರಿನಲ್ಲಿ ಮಾತಾಡಿ ಜನ ಸೇರಿಸಿದರು, ತಮ್ಮ ಇಬ್ಬರು ಮಕ್ಕಳನ್ನೂ ಸೇರಿಸಿದರು. ಬಂದವರಲ್ಲಿ ಹೊಲದ ಕೆಲಸದವರು, ಕೂಲಿಗಳು, ಕ್ಷೌರಿಕರು, ಹಡಗಿನವರು ಎಲ್ಲರೂ ಇದ್ದರು. ಹೆಚ್ಚಿನವರು ಉತ್ತರದಲ್ಲಿ ಸ್ವತಂತ್ರರಾಗಿಯೇ ಬದುಕಿದ್ದವರು. ಬಿಳಿಯರಿಗೆ ಕೊಡುವಷ್ಟೇ ನಿಮಗೂ, ತಿಂಗಳಿಗೆ 13 ಡಾಲರ್, ಬಟ್ಟೆ ಬೇರೆ, ಅಂತ ಮಾತು ಕೊಟ್ಟಿದ್ದರು.

ಆದರೆ ಕೈಗೆ ಬರುವ ಹೊತ್ತಿಗೆ ಅದು 10 ಡಾಲರ್ ಆಯಿತು. ಅದರಲ್ಲೂ ಬಟ್ಟೆಗೆ ಅಂತ 3 ಕಳೆದರೆ ಉಳಿಯುವುದು 7. ಸಾರ್ಜೆಂಟ್ ಆದರೂ ಅಷ್ಟೇ. ಅಂದರೆ ಕಪ್ಪು ಸಾರ್ಜೆಂಟ್‌ಗೆ ಒಬ್ಬ ಸಾಮಾನ್ಯ ಬಿಳಿ ಸಿಪಾಯಿಗಿಂತ ಕಡಿಮೆ. ಯಾಕೆ ಅಂದರೆ, 1862ರ ಮಿಲಿಷಿಯಾ ಕಾಯ್ದೆಯಲ್ಲಿ ಸೈನ್ಯದಲ್ಲಿ ದುಡಿಯುವ ಕಪ್ಪು ಜನರಿಗೆ ಅಷ್ಟೇ ದರ ಬರೆದಿತ್ತು. ಗುಂಡಿ ತೋಡುವುದು, ಮೂಟೆ ಹೊರುವುದು, ಅಂಥ ಕೆಲಸಗಳನ್ನು ಮನಸ್ಸಿನಲ್ಲಿಟ್ಟು ಬರೆದ ಸಾಲು. ಬಂದೂಕು ಹಿಡಿದವರನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟರು. ನಮ್ಮ ಕಚೇರಿಗಳಲ್ಲಿ ಕಾಯಂ ಕೆಲಸ ಮಾಡಿಸಿಕೊಂಡು ದಿನಗೂಲಿ ಲೆಕ್ಕದಲ್ಲಿ ಹಾಕುತ್ತಾರಲ್ಲ, ಅದೇ ಜಾತಿಯ ಆಟ.

ಈ ಸುದ್ದಿ ತಿಳಿದೇ ಅವರು ದಕ್ಷಿಣದವರ ವ್ಯಾಗ್ನರ್ ಕೋಟೆಗೆ ನುಗ್ಗಿದ್ದು. 1863ರ ಜುಲೈ 18ರ ಸಂಜೆ, ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿರುವ ಮಾರಿಸ್ ದ್ವೀಪದಲ್ಲಿ. ಸುಮಾರು 600 ಜನ ಹೋದರು, ಸತ್ತವರು, ಗಾಯಗೊಂಡವರು, ಸಿಕ್ಕಿಬಿದ್ದವರು ಸೇರಿ 270ಕ್ಕೂ ಹೆಚ್ಚು. ಆ ಶಿಲ್ಪದಲ್ಲಿ ಕುದುರೆ ಮೇಲಿರುವ ಅವರ ದಳಪತಿ, ಕರ್ನಲ್ ರಾಬರ್ಟ್ ಗೌಲ್ಡ್ ಶಾ, ಕೋಟೆಯ ದಿಬ್ಬದ ಮೇಲೇ ಸತ್ತ, ಅವನಿಗೆ 25 ವರ್ಷ. ಸಾರ್ಜೆಂಟ್ ವಿಲಿಯಂ ಕಾರ್ನಿ ಮೈತುಂಬಾ ಗಾಯವಾದರೂ ಬಾವುಟ ನೆಲಕ್ಕೆ ಬೀಳಲು ಬಿಡಲಿಲ್ಲ. ಅವನಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಸಿಕ್ಕಿದ್ದು 1900ರಲ್ಲಿ, ಸರ್ಕಾರದ ವೇಗ ನೋಡು.

ಇಷ್ಟಾದ ಮೇಲೂ ಏಳೇ ಡಾಲರ್. ಆಗ ಅವರು ಕೆಲಸ ಬಿಡಲಿಲ್ಲ, ದುಡ್ಡನ್ನು ಮುಟ್ಟಲಿಲ್ಲ. ಪಗಾರದವನು ಬಂದಾಗೆಲ್ಲ ಬೇಡ ಅಂತ ವಾಪಸ್ ಕಳಿಸಿದರು. ಬಿಳಿಯ ಅಧಿಕಾರಿಗಳೂ ಅವರ ಜೊತೆ ನಿಂತರು.

ನಿನ್ನ ವಿಷಯಕ್ಕೆ ಹತ್ತಿರದ ಭಾಗ ಈಗ ಬರುತ್ತದೆ. ಗವರ್ನರ್ ಆಂಡ್ರೂಗೆ ಮುಖಭಂಗವಾಗಿತ್ತು, ಮಾತು ಕೊಟ್ಟವನು ತಾನಲ್ವಾ. ಅದೇ ನವೆಂಬರಿನಲ್ಲಿ ರಾಜ್ಯದ ಶಾಸನಸಭೆ, ಕಡಿಮೆ ಬಿದ್ದಿದ್ದನ್ನು ನಾವೇ ತುಂಬಿಕೊಡುತ್ತೇವೆ ಅಂತ ಕಾನೂನು ಮಾಡಿ ಹಣ ಕಳಿಸಿತು. ನಾನಾಗಿದ್ದರೆ ಬಹುಶಃ ತಗೊಂಡುಬಿಡ್ತಿದ್ದೆ. ಅವರು ತಗೊಳ್ಳಲಿಲ್ಲ! ನಿಮ್ಮ ಒಳ್ಳೆಯ ಮನಸ್ಸಿಗೆ ವಂದನೆ, ಆದರೆ ನಾವು ಸೇರಿದ್ದು ಅಮೆರಿಕದ ಸೈನ್ಯಕ್ಕೆ, ಪೂರ್ತಿ ಸಂಬಳ ಅಮೆರಿಕವೇ ಕೊಡಲಿ ಅಂದರು. ನಿನ್ನ ಮ್ಯಾನೇಜರ್ ಈಗ, ಗ್ರೇಡ್ ಬದಲಾಯಿಸಲು ಆಗಲ್ಲ, ಒಂದು ಸಲದ ಬೋನಸ್ ಕೊಡಿಸ್ತೀನಿ ಅಂದನಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡು. ಅವನು ಕೆಟ್ಟವನಲ್ಲ ಪಾಪ. ಆದರೆ ಅದನ್ನು ತಗೊಂಡ ದಿನ ನಿನ್ನ ದೂರು ಮುಚ್ಚಿಹೋಗುತ್ತದೆ, ಗ್ರೇಡ್ ಇದ್ದಲ್ಲೇ ಇರುತ್ತದೆ.

ಇನ್ನು ಕೇಳುವುದು ಹೇಗೆ. ಇದೇ ದಳದಲ್ಲಿ ಜೇಮ್ಸ್ ಹೆನ್ರಿ ಗುಡಿಂಗ್ ಅಂತ ಒಬ್ಬ ಕಾರ್ಪೊರಲ್ ಇದ್ದ, ಮೊದಲು ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವನು. 1863ರ ಸೆಪ್ಟೆಂಬರ್ 28ರಂದು ನೇರವಾಗಿ ಲಿಂಕನ್‌ಗೇ ಕಾಗದ ಬರೆದ. ಗೋಳಾಡಲಿಲ್ಲ. ನಾವು ಸೈನಿಕರೋ ಕೂಲಿಗಳೋ, ಅದನ್ನು ಹೇಳಿ ಅಂತ ಕೇಳಿದ. ನೀನೂ ಎಷ್ಟು ಡಾಲರ್ ಕಡಿಮೆ ಅನ್ನುವುದರಿಂದ ಶುರು ಮಾಡಬೇಡ. ನನ್ನನ್ನು ಯಾವ ಗ್ರೇಡಿನಲ್ಲಿ ಇಟ್ಟಿದ್ದೀರಿ, ಅವನನ್ನು ಯಾವುದರಲ್ಲಿ, ಇಬ್ಬರ ಕೆಲಸದಲ್ಲಿ ಏನು ವ್ಯತ್ಯಾಸ, ಇದನ್ನು ಇಮೇಲ್‌ನಲ್ಲಿ ಕೇಳು. ಬಾಯಿಮಾತು ಬೇಡ. ನಿಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಗಂಡು ಹೆಣ್ಣಿಗೆ ಸಮಾನ ವೇತನದ ಹೊಸ ಕಾಯ್ದೆ 2018ರ ಜುಲೈಯಿಂದ ಜಾರಿಯಲ್ಲಿದೆ, ಸಂಬಳದ ಬಗ್ಗೆ ಮಾತಾಡಬೇಡಿ ಅಂತ ಕಂಪನಿ ಬಾಯಿ ಮುಚ್ಚಿಸುವ ಹಾಗಿಲ್ಲ. ಒಬ್ಬ ವಕೀಲರನ್ನು ಕಂಡು ಬಾ. ವೀಸಾದ ಪ್ರಶ್ನೆಯನ್ನೂ ಅವರ ಹತ್ತಿರವೇ ಕೇಳು, ನನ್ನ ಹತ್ತಿರ ಬೇಡ, ನಿಮ್ಮಮ್ಮನ ಹತ್ತಿರ ಮೊದಲೇ ಬೇಡ.

ಕೋಪದಲ್ಲಿ ಅರ್ಧಂಬರ್ಧ ಕೆಲಸ ಮಾಡಬೇಡ. 1864ರ ಫೆಬ್ರವರಿಯಲ್ಲಿ ಫ್ಲಾರಿಡಾದ ಒಲಸ್ಟಿಯಲ್ಲಿ ಸೋತು ಹಿಂದಿರುಗುವಾಗ ಗಾಯಾಳುಗಳು ತುಂಬಿದ್ದ ರೈಲಿನ ಇಂಜಿನ್ ಕೆಟ್ಟು ನಿಂತಿತು. ಸಂಬಳವನ್ನೇ ಮುಟ್ಟದ ಇದೇ 54ನೆಯವರು ಹಗ್ಗ ಕಟ್ಟಿ ಆ ಬೋಗಿಗಳನ್ನು ಮೈಲಿಗಟ್ಟಲೆ ಕೈಯಲ್ಲಿ ಎಳೆದರು. ಅವರು ಕೆಲಸಗಳ್ಳರು ಅಂತ ಹೇಳಲು ಯಾರಿಗೂ ಬಾಯಿರಲಿಲ್ಲ. ಅದೇ ತಿಂಗಳ ಕೊನೆಗೆ ಇನ್ನೊಂದು ಘಟನೆ. ಇದೇ ಸೈನ್ಯದ ಇನ್ನೊಂದು ಕಪ್ಪು ದಳ, ದಕ್ಷಿಣ ಕೆರೊಲಿನಾದ 3ನೇ ರೆಜಿಮೆಂಟಿನಲ್ಲಿ ವಿಲಿಯಂ ವಾಕರ್ ಅಂತ ಸಾರ್ಜೆಂಟ್. ಸಮಾನ ಸಂಬಳ ಕೊಡದಿದ್ದರೆ ಕೆಲಸ ಮಾಡಲ್ಲ ಅಂತ ತನ್ನವರ ಜೊತೆ ಅಧಿಕಾರಿಯ ಡೇರೆಯ ಮುಂದೆ ಬಂದೂಕು ಇಟ್ಟುಬಿಟ್ಟಿದ್ದ. ಅವನನ್ನು ದಂಗೆಯ ಆರೋಪದ ಮೇಲೆ ಗುಂಡಿಟ್ಟು ಕೊಂದರು. ಕೇಳಿದ್ದು ಅದೇ ನ್ಯಾಯ. ಅವನದು ತಪ್ಪು ಅಂತ ನಾನು ಹೇಳಲಾರೆ, ಇವತ್ತಿಗೂ ಅದನ್ನು ಓದಿದರೆ ಸಿಟ್ಟು ಬರುತ್ತದೆ. ಆದರೆ ಎದುರಿನವರಿಗೆ ನೆಪ ಸಿಗುವ ದಾರಿಯನ್ನು ನೀನು ತುಳಿಯಬೇಡ.

ಕೊನೆಗೆ 1864ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಸಮಾನ ಸಂಬಳದ ಕಾನೂನು ಮಾಡಿತು. ಅದರಲ್ಲೂ ಒಂದು ಕೊಕ್ಕೆ. ಸೇರಿದ ದಿನದಿಂದ ಅರಿಯರ್ಸ್ ಬೇಕಾದರೆ 1861ರ ಏಪ್ರಿಲ್ 19ಕ್ಕೇ ಸ್ವತಂತ್ರರಾಗಿದ್ದೆವು ಅಂತ ಪ್ರಮಾಣ ಮಾಡಬೇಕು. ಹಾಗಾದರೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರ ಗತಿ? ಶಾ ನಂತರ ಬಂದ ಕರ್ನಲ್ ಎಡ್ವರ್ಡ್ ಹ್ಯಾಲೊವೆಲ್ ಬುದ್ಧಿವಂತ. ಆ ದಿನಕ್ಕೆ ನಾನು ಯಾರಿಗೂ ಬಿಟ್ಟಿ ದುಡಿಮೆಯ ಋಣಿಯಾಗಿರಲಿಲ್ಲ ಅಂತ ಪ್ರಮಾಣ ಬರೆಸಿದ. ಗುಲಾಮನ ದುಡಿಮೆ ಯಜಮಾನನಿಗೆ ನ್ಯಾಯವಾಗಿ ಸಲ್ಲಬೇಕಾದ ಋಣವೇ ಅಲ್ಲವಲ್ಲ, ಹಾಗಾಗಿ ಅದನ್ನು ಯಾರು ಬೇಕಾದರೂ ದೇವರ ಮುಂದೆ ಧೈರ್ಯವಾಗಿ ಹೇಳಬಹುದಿತ್ತು. ಆ ಶರತ್ಕಾಲದಲ್ಲಿ ಹಣ ಬಂತು, ಸುಮಾರು 18 ತಿಂಗಳ ಸಂಬಳ ಒಟ್ಟಿಗೆ.

ಇದರ ಬೆಲೆಯನ್ನೂ ಹೇಳದಿದ್ದರೆ ನಾನು ನಿನಗೆ ಮೋಸ ಮಾಡಿದ ಹಾಗೆ. ಆ ತಿಂಗಳುಗಳಲ್ಲಿ ಊರಿನಲ್ಲಿ ಹೆಂಡತಿ ಮಕ್ಕಳು ಬಿಡಿಗಾಸಿಲ್ಲದೆ ಕಷ್ಟಪಟ್ಟರು. ಗುಡಿಂಗ್ ಒಲಸ್ಟಿಯಲ್ಲಿ ಸೆರೆ ಸಿಕ್ಕಿ 1864ರ ಜುಲೈಯಲ್ಲಿ ದಕ್ಷಿಣದವರ ಆಂಡರ್ಸನ್‌ವಿಲ್ ಜೈಲಿನಲ್ಲಿ ಸತ್ತ. ಕಾನೂನು ಬಂದು ಆಗಿನ್ನೂ ತಿಂಗಳಾಗಿತ್ತು, ಅವನ ಕೈಗೆ ಏನೂ ಬರಲಿಲ್ಲ. ನಿನ್ನ ಪರಿಸ್ಥಿತಿ ಇದರ ಹತ್ತಿರಕ್ಕೂ ಬರೋದಿಲ್ಲ ಕಣಮ್ಮ. ನಿನಗೆ ಸಂಬಳ ತಿಂಗಳು ತಿಂಗಳು ಬರುತ್ತಿದೆ, ಅದನ್ನು ಬೇಡ ಅನ್ನಬೇಕಾಗಿಲ್ಲ. ಬೇಡ ಅನ್ನಬೇಕಾದ್ದು ಆ ಬೋನಸ್ ಒಂದನ್ನೇ. ಆದರೂ ಇದು ಎಳೆದಾಡಬಹುದು, ಪ್ರಮೋಷನ್ ತಡವಾಗಬಹುದು, ತಂಡದಲ್ಲಿ ಕೆಲವರು ಮಾತು ಬಿಡಬಹುದು. ಆರು ತಿಂಗಳ ಮನೆ ಬಾಡಿಗೆ ಖರ್ಚಿಗೆ ಆಗುವಷ್ಟು ಮೊದಲು ಪಕ್ಕಕ್ಕೆ ಇಟ್ಟುಕೋ, ಆಮೇಲೆ ಇಮೇಲ್ ಕಳಿಸು. ಕಳಿಸುವ ಮುಂಚೆ ನನಗೊಮ್ಮೆ ತೋರಿಸು, ಎರಡು ಸಾಲು ಕಡಿಮೆ ಮಾಡಿಕೊಡ್ತೀನಿ, ನೀನು ಯಾವಾಗಲೂ ಉದ್ದ ಬರೀತೀಯ. ನಿಮ್ಮಮ್ಮನಿಗೆ ನಾನು ಹೇಳ್ತೀನಿ ಬಿಡು.

ನಿನ್ನ ಮಾವ