ಬೇಸಿಗೆ ರಜೆಗೆ ಮುಂಚೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಈ ಸಲ ನರ್ಸರಿಯಿಂದ ನಾಲ್ಕನೇ ಕ್ಲಾಸಿನವರೆಗೆ ಯಾರಿಗೂ ರಜೆಯ ಹೋಮ್‌ವರ್ಕ್ ಇಲ್ಲ. ಪ್ರಾಜೆಕ್ಟೂ ಇಲ್ಲ. ಇದನ್ನು ಓದಿ ಕೆಲವರಿಗೆ ಖುಷಿ ಆಗಿರುತ್ತದೆ, ಕೆಲವರಿಗೆ ಗಾಬರಿ. "ಅಷ್ಟು ದಿನ ಇವರನ್ನ ಹೇಗೆ ಸಂಭಾಳಿಸೋದು ಮೇಡಂ?" ಅಂತ ಗೇಟಿನ ಹತ್ತಿರ ಆಗಲೇ ಕೇಳಲು ಶುರು ಮಾಡಿದ್ದೀರಿ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ಕಾಫಿ ಕುಡಿಯುತ್ತಾ ಓದಿ.

ಪ್ರಾಜೆಕ್ಟ್ ಯಾಕೆ ಬೇಡ ಅಂತ ಮೊದಲು ಹೇಳಿಬಿಡುತ್ತೇನೆ. ಈಚಿನ ವಸ್ತುಪ್ರದರ್ಶನದಲ್ಲಿ ಒಂದು ಮೆಟ್ರೋ ಮಾಡೆಲ್ ಬಂದಿತ್ತು. ಥರ್ಮಾಕೋಲ್ ಕಂಬಗಳು, ನೇರಳೆ ಪಟ್ಟಿಯ ರೈಲು, ಸ್ಟೇಷನ್ನಿಗೆ ಪುಟ್ಟ ಪುಟ್ಟ ಲೈಟು. ನಿಜಕ್ಕೂ ಚೆನ್ನಾಗಿತ್ತು. ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ ಎರಡನೇ ಕ್ಲಾಸಿನ ಹುಡುಗನನ್ನು, "ಇದರಲ್ಲಿ ನೀನು ಮಾಡಿದ್ದು ಯಾವುದು ಪುಟ್ಟಾ?" ಅಂತ ಕೇಳಿದೆ. ಅವನು ಒಂದು ಕ್ಷಣ ಯೋಚಿಸಿ, "ಫೆವಿಕಾಲ್ ಡಬ್ಬಿ ಹಿಡ್ಕೊಂಡಿದ್ದೆ ಮಿಸ್" ಅಂದ. ಅವನ ಅಪ್ಪನನ್ನು ದೂರುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ "ನಾಳೆ ಬೆಳಿಗ್ಗೆ ಕೊಡಬೇಕು" ಅಂತ ಮಗು ಹೇಳಿದರೆ ಯಾರಾದರೂ ಅದನ್ನೇ ಮಾಡೋದು. ಆದರೆ ಕೈಕೆಲಸ ಕಲಿತಿದ್ದು ಮಾತ್ರ ಅಪ್ಪ.

ಅದೇ ವಾರ ನಮ್ಮ ನೀರಿನ ಟ್ಯಾಂಕಿನ ಹಿಂದೆ ಯುಕೆಜಿ ಮಕ್ಕಳು ಒಂದು ಹೋಟೆಲ್ ತೆರೆದಿದ್ದರು. ಬಾಟಲಿ ಮುಚ್ಚಳದಲ್ಲಿ ಒತ್ತಿ ತೆಗೆದ ಮಣ್ಣಿನ ಇಡ್ಲಿ. ಒಣಗಿದ ಹೊಂಗೆ ಕಾಯಿಯ ವಡೆ. ಪಾರ್ಸಲ್‌ಗೆ ಐದು ರೂಪಾಯಿ ಜಾಸ್ತಿ. ಎರಡು ಇಡ್ಲಿ ತಿಂದ ಹಾಗೆ ಮಾಡಿ ನಾನು ಎದ್ದರೆ, "ಸ್ಕ್ಯಾನ್ ಮಾಡಿ ಮಿಸ್" ಅಂತ ಒಡೆದ ಟೈಲ್ಸ್ ಚೂರನ್ನು ಮುಂದೆ ಹಿಡಿದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕ ಬರೆದಿದ್ದರು. ಫೋನ್ ತೋರಿಸಿದ ಹಾಗೆ ಅಂಗೈ ತೋರಿಸಿ ಹೊರಟೆ. ಬಿಡಲಿಲ್ಲ. "ದುಡ್ಡು ಬಂದಿಲ್ಲ, ಸೌಂಡ್ ಬರ್ಲಿಲ್ಲ!" ಸೌಂಡ್ ಕೊಡಬೇಕಾಗಿದ್ದ ಹುಡುಗಿ ನೀರು ಕುಡಿಯಲು ಹೋಗಿದ್ದಳಂತೆ. ಅವಳು ಓಡಿ ಬಂದು, ಕಲ್ಲಿನ ಹಿಂದೆ ಕೂತು, ಮೂಗಿನಲ್ಲಿ "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂದ ಮೇಲೆಯೇ ನನಗೆ ಬಿಡುಗಡೆ ಸಿಕ್ಕಿದ್ದು.

ಆ ಹೋಟೆಲ್ ಮಾಡಿ ಅಂತ ಯಾವ ಟೀಚರೂ ಹೇಳಿರಲಿಲ್ಲ. ಅಲ್ಲಿ ಇದ್ದದ್ದು ಒಂದಿಷ್ಟು ಮಣ್ಣು, ನಾಲ್ಕೈದು ಜನ ಗೆಳೆಯರು, ಬೇಕಾದಷ್ಟು ಹೊತ್ತು. ರಜೆಯಲ್ಲಿ ನಿಮ್ಮಿಂದ ನಾನು ಕೇಳುತ್ತಿರುವುದೂ ಇಷ್ಟನ್ನೇ. ಮಕ್ಕಳನ್ನು ಹೊರಗೆ ಬಿಡಿ, ಕೈಗೆ ಏನಾದರೂ ಸಿಗಲಿ, ನೀವು ಸ್ವಲ್ಪ ದೂರ ಕೂತಿರಿ.

ದೂರ ಕೂರೋದೇ ಕಷ್ಟ, ಗೊತ್ತು. ಪಾರ್ಕಿಗೆ ಕರೆದುಕೊಂಡು ಹೋದರೂ ನಮ್ಮ ಬಾಯಿ ಸುಮ್ಮನಿರುವುದಿಲ್ಲ. "ಇದು ಯಾವ ಕಲರ್? ಬಟರ್‌ಫ್ಲೈ ಸ್ಪೆಲ್ಲಿಂಗ್ ಹೇಳು ನೋಡೋಣ." ಚಿಟ್ಟೆ ಅಷ್ಟರಲ್ಲಿ ಹಾರಿಹೋಗಿರುತ್ತದೆ. ಸ್ಪೆಲ್ಲಿಂಗ್ ಕಲಿಸಲು ನಾವಿದ್ದೇವೆ, ಅದಕ್ಕೇ ಫೀಸ್ ಕಟ್ಟಿದ್ದೀರಿ.

ಸಮ್ಮರ್ ಕ್ಯಾಂಪ್ ವಿಷಯವನ್ನೂ ಹಲವರು ಕೇಳಿದ್ದೀರಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಕ್ಯಾಂಪ್ ಬೇಡ ಅಂತ ಹೇಳುವ ಧೈರ್ಯ ನನಗಿಲ್ಲ. ಸೇರಿಸಿ. ಆದರೆ ಸೇರಿಸುವ ಮುಂಚೆ ಒಂದು ಮಾತು ಕೇಳಿ: ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಬಯಲಲ್ಲಿ ಇರುತ್ತಾರೆ, ಅದರಲ್ಲಿ ತಮಗೆ ಬೇಕಾದ ಆಟ ಆಡಲು ಎಷ್ಟು ಹೊತ್ತು ಸಿಗುತ್ತದೆ? ಬೆಳಿಗ್ಗೆ ಅಬ್ಯಾಕಸ್, ಆಮೇಲೆ ರೋಬೋಟಿಕ್ಸ್, ಸಂಜೆ ಡ್ಯಾನ್ಸ್ ಅಂದರೆ ಅದು ಯೂನಿಫಾರ್ಮ್ ಇಲ್ಲದ ಇನ್ನೊಂದು ಸ್ಕೂಲು ಅಷ್ಟೇ.

ಮನೆಯಲ್ಲೇ ಇರುವ ಮಕ್ಕಳು "ಬೋರ್ ಆಗ್ತಿದೆ" ಅಂತಾರೆ. ಅನ್ನಲಿ ಬಿಡಿ. ತಕ್ಷಣ ಫೋನ್ ಕೊಟ್ಟುಬಿಡಬೇಡಿ. ಮೊದಲು ಅರ್ಧ ಗಂಟೆ ರಾಗ ಇರುತ್ತದೆ. ಆಮೇಲೆ ಮನೆ ಸದ್ದಿಲ್ಲದೆ ಆಗುತ್ತದೆ. ಆಗ ಮಾತ್ರ ನೀವು ಒಂದು ಸಲ ಹೋಗಿ ನೋಡಿಬರೋದು ಒಳ್ಳೇದು. ಸೋಫಾದ ದಿಂಬೆಲ್ಲ ಕೆಳಗಿಳಿದು ಗುಹೆ ಆಗಿರುತ್ತದೆ, ಇಲ್ಲವೇ ಗೋಧಿ ಹಿಟ್ಟಿನ ಡಬ್ಬಿ ಖಾಲಿ ಆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ತಂದಿತು. ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಮೂರು ಗಂಟೆಯಾದರೂ ಓಡಾಡಿಕೊಂಡು ಇರಬೇಕು, ಟೀವಿ ಮೊಬೈಲು ಸೇರಿ ಒಂದು ಗಂಟೆ ಮೀರಬಾರದು ಅಂತ ಅದರಲ್ಲಿದೆ. ಮೂರು ಗಂಟೆ ಒಟ್ಟಿಗೇ ಆಗಬೇಕಿಲ್ಲ. ಮೆಟ್ಟಿಲು ಹತ್ತಿಳಿದಿದ್ದೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಕಾರಣ ಕಣ್ಣು. ಒಂದನೇ ಕ್ಲಾಸಿಗೇ ಕನ್ನಡಕ ಹಾಕಿಕೊಂಡು ಬರುವ ಮಕ್ಕಳನ್ನು ಈಗ ನೀವೂ ನೋಡುತ್ತಿದ್ದೀರಿ ಅಲ್ವಾ? ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದು ಅಧ್ಯಯನ ನಡೆಯಿತು. 2015ರಲ್ಲಿ ಅದರ ಫಲಿತಾಂಶ ಬಂತು. ಅರ್ಧ ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. ಮಿಕ್ಕ ಶಾಲೆಗಳಲ್ಲಿ ಎಂದಿನಂತೆ. ಮೂರು ವರ್ಷದ ನಂತರ ನೋಡಿದಾಗ, ಎಂದಿನಂತೆ ಇದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಜನರಿಗೆ ದೂರದ್ದು ಮಸುಕಾಗುವ ಸಮೀಪ ದೃಷ್ಟಿ ಬಂದಿತ್ತು. ಹೊರಗೆ ಆಡಿದವರಲ್ಲಿ ಅದು ಸುಮಾರು 30. ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಹತ್ತಾರು ಪಟ್ಟು ಪ್ರಖರ, ಮರದ ನೆರಳಲ್ಲಿ ಕೂಡ. ಬೆಳೆಯುವ ಕಣ್ಣಿಗೆ ಆ ಬೆಳಕು ಬೇಕು. ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಮಾತ್ರ ಹೇಳಿಕೊಡಿ.

ಹೊರಗೆ ಅಂದರೆ ಎಲ್ಲಿಗೆ? ಬಡಾವಣೆಯ ಪಾರ್ಕಿನಲ್ಲಿ "ಚೆಂಡಾಟ ನಿಷೇಧ" ಅಂತ ಬೋರ್ಡು, ರಸ್ತೆಯ ಎರಡೂ ಕಡೆ ಕಾರು. ಲಗೋರಿ ಆಡಲು ಜಾಗ ಎಲ್ಲಿದೆ ಅನ್ನುವ ನಿಮ್ಮ ಮಾತು ನಿಜ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಈ ಊರಿನ ಫುಟ್‌ಪಾತಿನಲ್ಲೇ ಆಟದ ಸಾಮಾನು ಬಿದ್ದಿರುತ್ತದೆ. ಗುಲ್ಮೊಹರ್ ಮೊಗ್ಗು ಸಿಕ್ಕಿದರೆ ಸಿಪ್ಪೆ ಬಿಡಿಸಿ ಒಳಗಿನ ಎಳೆಗಳನ್ನು ತೆಗೆಯಿರಿ. ತುದಿಯಲ್ಲಿ ಒಂದು ಪುಟ್ಟ ತಲೆ ಇರುತ್ತದೆ. ನಿಮ್ಮದಕ್ಕೆ ಮಗುವಿನದ್ದನ್ನು ಸಿಕ್ಕಿಸಿ ಎಳೆಯಿರಿ, ಯಾರ ತಲೆ ಕಳಚುತ್ತೋ ಅವರು ಸೋತರು. ಕೋಳಿ ಜಗಳ! ನಿಮ್ಮಲ್ಲಿ ಅರ್ಧ ಜನ ಇದನ್ನು ಆಡಿಯೇ ಬೆಳೆದವರು. ಬಿಡಿಸಿದ ಸಿಪ್ಪೆಯನ್ನು ಬೆರಳಿಗೆ ಅಂಟಿಸಿಕೊಂಡರೆ ರಾಕ್ಷಸನ ಉಗುರು. ಅರಳಿದ ಹೂವಿನ ಐದು ಎಸಳಲ್ಲಿ ಒಂದು ಮಾತ್ರ ಬೇರೆ ಥರ ಇರುತ್ತದೆ. ಅದು ಯಾವುದು ಅಂತ ನೀವು ಹೇಳಬೇಡಿ, ಅವರೇ ಹುಡುಕಲಿ. ನೀರುಕಾಯಿ ಮರ ಹತ್ತಿರದಲ್ಲಿದ್ದರೆ ಕೇಳುವುದೇ ಬೇಡ. ಆ ಮೊಗ್ಗಿನ ತುದಿ ಚಿವುಟಿ ಒತ್ತಿದರೆ ಪಿಚಕಾರಿ. ಬಟ್ಟೆಗೆ ಕಲೆ ಆಗುತ್ತದೆ, ಹಳೆ ಬಟ್ಟೆ ಹಾಕಿಸಿ.

ಒಂದು ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಅದೇ ಹೆಸರಿನ ಸ್ಟೇಷನ್ ಇದೆ. ಬಿಎಂಟಿಸಿ ಸಾಮಾನ್ಯ ಬಸ್ಸಾದರೆ ಅಮ್ಮ, ಅಜ್ಜಿ, ಮಗಳು ಮೂವರಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ. ಅಪ್ಪ ಮಾತ್ರ ಕೊಡಬೇಕು. 240 ಎಕರೆಯನ್ನೂ ತೋರಿಸುವ ಹಟ ಬೇಡ. 1889ರ ಗಾಜಿನ ಮನೆಯ ಇತಿಹಾಸವೂ ಇನ್ನೊಂದು ದಿನಕ್ಕೆ ಇರಲಿ. ಸೀದಾ ಕೆಂಪೇಗೌಡ ಗೋಪುರ ಇರುವ ಬಂಡೆಯ ಹತ್ತಿರ ಹೋಗಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ನಿಮ್ಮ ಮಗುವಿಗೆ ಡೈನೋಸಾರ್ ಹುಚ್ಚಿದ್ದರೆ ಇದೊಂದನ್ನು ಹೇಳಿ: ಡೈನೋಸಾರ್‌ಗಳು ಹುಟ್ಟುವ ಹೊತ್ತಿಗೇ ಈ ಕಲ್ಲು ಮುದಿಯಾಗಿತ್ತು. ಅಷ್ಟು ಹೇಳಿ ಬಿಟ್ಟುಬಿಡಿ. ಬರಿಗಾಲಲ್ಲಿ ಹತ್ತಲಿ, ಕೂತು ಜಾರಲಿ, ಗುಳಿಯಲ್ಲಿ ಕಡ್ಡಿ ಆಡಿಸಲಿ. ಚಡ್ಡಿ ಸವೆಯುತ್ತದೆ, ಸವೆಯಲಿ. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿದ್ದರೆ ಚೆನ್ನ, ಹನ್ನೊಂದಕ್ಕೆ ಕಲ್ಲು ಕಾವಲಿ ಆಗಿರುತ್ತದೆ. ಹಳೆಯ ಬೂರುಗದ ಮರದ ಬೇರುಗಳ ಸಂದಿಯಲ್ಲಿ ಕಣ್ಣಾಮುಚ್ಚಾಲೆ ಆಡಲು ಜಾಗ ಇದೆ. ಮಾವಿನ ಮೇಳ ಶುರುವಾಗಿದ್ದರೆ ಹಣ್ಣು ತನ್ನಿ. ತಿಂದ ವಾಟೆಯನ್ನು ಹಳೆ ಬಕೆಟ್ಟಿನ ಮಣ್ಣಲ್ಲಿ ಹೂತು ದಿನಾ ನೀರು ಹಾಕುವ ಕೆಲಸ ಮಗುವಿಗೆ ಕೊಡಿ. ಅದು ದಿನಾ ಕೆದಕಿ ನೋಡುತ್ತದೆ, ಬೈಯಬೇಡಿ.

ಕಬ್ಬನ್ ಪಾರ್ಕಿಗೆ ಭಾನುವಾರ ಹೋಗಿ. ಅವತ್ತು ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಸೈಕಲ್ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ನನಗಂತೂ ಗೊತ್ತಿಲ್ಲ. ಮಳೆ ಹಿಡಿದರೆ ಪಕ್ಕದಲ್ಲೇ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಇದೆ. ದೊಡ್ಡಾಲದ ಮರ ದೂರ ಆಯಿತು, ಕಾರಿದ್ದವರು ಹೋಗಿಬನ್ನಿ. ಕೋತಿಗಳಿವೆ, ಕೈಯಲ್ಲಿ ಕುರುಕು ತಿಂಡಿ ಬೇಡ.

ಎಲ್ಲೂ ಹೋಗಲು ಆಗದಿದ್ದರೆ ಮಹಡಿ ಇದೆಯಲ್ಲ. ಅಪಾರ್ಟ್‌ಮೆಂಟಿನವರು ಸೆಕ್ರೆಟರಿ ಹತ್ತಿರ ಕೀ ಕೇಳಿ. ಅಜ್ಜಿ ಊರಿಂದ ಬಂದಿದ್ದರೆ ಒಂದು ದಿನ ಸಂಡಿಗೆ ಇಡಿಸಿ. ಮಕ್ಕಳು ಇಟ್ಟ ಸಂಡಿಗೆ ಒಂದೂ ದುಂಡಗೆ ಇರುವುದಿಲ್ಲ. ಒಂದು ಆನೆ, ಒಂದು ವಿಮಾನ, ಒಂದು ಚಿಕ್ಕಪ್ಪನ ಮೂಗು. ಕರಿದಾಗ ಅದು ಉಬ್ಬಿ ಇನ್ನೇನೋ ಆಗುತ್ತದೆ, ಆಗ ಮತ್ತೊಂದು ಸುತ್ತು ನಗು. ಕಾಗೆ ಕಾಯುವ ಕೆಲಸಕ್ಕೆ ಒಂದು ಕೊಡೆ, ಒಂದು ಕೋಲು ಕೊಟ್ಟು ನೆರಳಲ್ಲಿ ಕೂರಿಸಿ. ಕಾಗೆಗಿಂತ ಜಾಸ್ತಿ ಹಸಿ ಹಿಟ್ಟು ತಿನ್ನುವುದು ಕಾವಲುಗಾರನೇ. ಅಜ್ಜಿಯರಿಗೆ ಇದು ಗೊತ್ತಿರುತ್ತದೆ, ಅವರು ಒಂದು ಹಿಡಿ ಅಕ್ಕಿ ಹೆಚ್ಚಿಗೇ ಹಾಕಿರುತ್ತಾರೆ.

ಅಪ್ಪಂದಿರಿಗೆ ಒಂದು ಮಾತು. ಪಾರ್ಕಿನ ಬೆಂಚಿನ ಮೇಲೆ ಫೋನ್ ನೋಡುತ್ತಾ ಕೂತರೆ ಮಕ್ಕಳಿಗೆ ಗೊತ್ತಾಗುತ್ತದೆ. ಸೋಮವಾರ ಬಂದು ನಮಗೆ ಹೇಳುತ್ತಾರೆ ಕೂಡ.

ಹುಷಾರು ಇರಬೇಕಾದ್ದೂ ಇದೆ. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆವರೆಗೆ ಬಿಸಿಲಿಗೆ ಬಿಡಬೇಡಿ. 2024ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರಲ್ಲಿ 38 ಡಿಗ್ರಿ ದಾಟಿದ್ದು ಮರೆತಿಲ್ಲ ತಾನೇ? ನೀರಿನ ಬಾಟಲಿ, ಟೋಪಿ ಇರಲಿ. ಮರದಲ್ಲಿ ಹೆಜ್ಜೇನು ಕಂಡರೆ ಅದರ ಕೆಳಗೆ ಆಟ ಬೇಡ, ಕಲ್ಲು ಎಸೆಯುವ ಮಾತಂತೂ ಬೇಡವೇ ಬೇಡ. ಕೆರೆ ಹತ್ತಿರ ಹೋದರೆ ಕೈ ಬಿಡಬೇಡಿ. ಗೊತ್ತಿಲ್ಲದ ಕಾಯಿ, ಹಣ್ಣು ಬಾಯಿಗೆ ಹಾಕಬಾರದು ಅಂತ ಮೊದಲೇ ಹೇಳಿಡಿ. ಗಾಳಿ ಮಳೆ ಶುರುವಾದರೆ ಮರದಡಿ ನಿಲ್ಲಬೇಡಿ. ನಮ್ಮ ಊರಿನ ಮೇ ತಿಂಗಳ ಮಳೆ ನಿಮಗೆ ಗೊತ್ತೇ ಇದೆ, ಕೊಂಬೆ ಯಾವಾಗ ಬೀಳುತ್ತೆ ಅಂತ ಹೇಳಕ್ಕಾಗಲ್ಲ.

ಕೊನೇ ದಿನ ಪ್ರತಿ ಮಗುವಿನ ಬ್ಯಾಗಿನಲ್ಲಿ ಒಂದು ಪುಸ್ತಕ ಇಟ್ಟಿರುತ್ತೇವೆ. ಒಂದು ಬದಿ ಖಾಲಿ ಇದ್ದ ಹಳೆ ಹಾಳೆಗಳನ್ನು ಹೊಲಿದು ನಮ್ಮ ಆಯಾಗಳು ಮಾಡಿದ್ದು. ಗೀಚಲಿ, ಎಲೆ ಅಂಟಿಸಲಿ, ಬಸ್ ಟಿಕೆಟ್ ಅಂಟಿಸಲಿ. ನೀವು ಅದರಲ್ಲಿ ಬರೆಯಬೇಡಿ, ತಿದ್ದಬೇಡಿ, ಚಂದ ಕಾಣಲಿ ಅಂತ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯಬೇಡಿ. ನಾವು ಅದಕ್ಕೆ ಮಾರ್ಕ್ಸ್ ಕೊಡುವುದಿಲ್ಲ, ಸ್ಟಾರೂ ಇಲ್ಲ. ಖಾಲಿ ವಾಪಸ್ ಬಂದರೂ ಸರಿ, ಮಳೆಯಲ್ಲಿ ನೆಂದು ಬಂದರೂ ಸರಿ.

ಲೈಬ್ರರಿ ರಜೆಯಲ್ಲೂ ಶನಿವಾರ ಬೆಳಿಗ್ಗೆ ತೆರೆದಿರುತ್ತದೆ. ಶಾಲೆ ಶುರುವಾಗುವ ದಿನವನ್ನು ಕ್ಲಾಸ್ ಟೀಚರ್ ವಾಟ್ಸಾಪ್ ಗ್ರೂಪಿನಲ್ಲಿ ತಿಳಿಸುತ್ತಾರೆ. ಹೊಸ ಯೂನಿಫಾರ್ಮು, ಶೂ ಈಗಲೇ ತೆಗೆದಿಡಬೇಡಿ. ರಜೆ ಮುಗಿಯುವ ಹೊತ್ತಿಗೆ ಎಲ್ಲರ ಕಾಲೂ ಒಂದು ಸೈಜ್ ಬೆಳೆದಿರುತ್ತದೆ.

ಇಂತಿ,
ಮುಖ್ಯೋಪಾಧ್ಯಾಯಿನಿ