ಗ್ರಂಪಿ ಏಕೆ ಅಳುತ್ತಾನೆ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂದು ನಾಲ್ಕು ದಿನಗಳಾದವು. ಪುಟ್ಟಿಗೆ ಐದು ತುಂಬಿತು, ಇನ್ನು ‘ಸ್ನೋ ವೈಟ್ ಮತ್ತು ಏಳು ಕುಳ್ಳರು’ ಚಿತ್ರವನ್ನು ಅವಳಿಗೆ ತೋರಿಸಬಹುದೇ ಎಂದು ಕೇಳಿ, ಅದರ ಕೆಳಗೇ ನಿನ್ನ ಅಳುಕುಗಳನ್ನೂ ಒಂದೊಂದಾಗಿ ಬರೆದಿದ್ದೀಯ. ನಾಯಕಿ ಮನೆ ಗುಡಿಸುತ್ತಾಳೆ, ಅಡುಗೆ ಮಾಡುತ್ತಾಳೆ, ಯಾರೋ ಬಂದು ತನ್ನನ್ನು ಕರೆದೊಯ್ಯಲಿ ಎಂದು ಹಾಡುತ್ತಾಳೆ. ಕೊನೆಗೆ ಒಂದು ಹಾಡಿನ ಆಚೆಗೆ ಪರಿಚಯವೇ ಇಲ್ಲದ ರಾಜಕುಮಾರನೊಬ್ಬ ಪ್ರಜ್ಞೆಯಿಲ್ಲದ ಅವಳಿಗೆ ಮುತ್ತಿಡುತ್ತಾನೆ. 1937ರಲ್ಲಿ ವಾಲ್ಟ್ ಡಿಸ್ನಿಯವರ ಸ್ಟುಡಿಯೋದಲ್ಲಿ ತಯಾರಾದ ಈ ಅನಿಮೇಷನ್ ಚಿತ್ರ ಇಂದಿಗೂ ಜನರನ್ನು ಹಿಡಿದು ಕೂರಿಸುವುದಕ್ಕೆ ಬಾಲ್ಯದ ನೆನಪಿನ ಮೇಲಿನ ಮಮತೆಯಲ್ಲದೆ ಬೇರೆ ಕಾರಣವಿದೆಯೇ ಎಂಬುದು ನಿನ್ನ ಕೊನೆಯ ಪ್ರಶ್ನೆ. ಅವಸರದಲ್ಲಿ ಉತ್ತರಿಸಬಾರದೆಂದು ನಿನ್ನೆ ರಾತ್ರಿ ಒಬ್ಬನೇ ಕುಳಿತು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನೋಡಿದೆ.

ನೋಡುತ್ತಿದ್ದಾಗ ಆರು ವರ್ಷದ ನೀನು ನನ್ನ ಪಕ್ಕದಲ್ಲಿ ಕುಳಿತಿದ್ದ ರಾತ್ರಿ ನೆನಪಾಯಿತು. ಮಲತಾಯಿಯಾದ ರಾಣಿ ಕೊಟ್ಟ ವಿಷದ ಸೇಬನ್ನು ತಿಂದು ಸ್ನೋ ವೈಟ್ ಸತ್ತಂತೆ ಮಲಗಿದ್ದಾಳೆ, ಸಿಡುಕ ಗ್ರಂಪಿಯೂ ಸೇರಿ ಏಳು ಮಂದಿ ಕುಳ್ಳರು ಸುತ್ತ ಮಂಡಿಯೂರಿದ್ದಾರೆ, ಯಾರ ಬಾಯಲ್ಲೂ ಮಾತಿಲ್ಲ. ಆಗ ನೀನು ನನ್ನ ತೋಳನ್ನು ಎಳೆದು, ‘ಗ್ರಂಪಿ ಯಾಕೆ ಅಳ್ತಾನೆ? ಅವನಿಗೆ ಅವಳನ್ನು ಕಂಡರೆ ಆಗುತ್ತಲೇ ಇರಲಿಲ್ಲವಲ್ಲ?’ ಎಂದು ಕೇಳಿದೆ. ರಾಜಕುಮಾರ ಯಾವಾಗ ಬರುತ್ತಾನೆ ಎಂದು ನೀನು ಕೇಳಲಿಲ್ಲ. ನಾನು ಆಗ ಏನೂ ಹೇಳಲಿಲ್ಲ, ಹೇಳಲು ತೋಚಲಿಲ್ಲ. ಈ ಪತ್ರದಲ್ಲಿ ನಾನು ಬರೆಯುತ್ತಿರುವುದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ ಎಂದುಕೊಂಡು ಓದು.

ಮೊದಲು ರಾಜಕುಮಾರನ ವಿಷಯ. ನೀನು ಹೇಳಿದ್ದು ಸರಿ, ಅವನು ಪೊಳ್ಳು ಪಾತ್ರ. ಆದರೆ ಹಾಗಾದದ್ದು ಹೇಗೆ ಎಂಬುದರಲ್ಲಿ ಈ ಚಿತ್ರದ ಅರ್ಧ ಗುಟ್ಟಿದೆ. 1934ರ ಒಂದು ಸಂಜೆ ವಾಲ್ಟ್ ಡಿಸ್ನಿ ತಮ್ಮ ಕಲಾವಿದರನ್ನು ಸ್ಟುಡಿಯೋದಲ್ಲಿ ಒಟ್ಟುಗೂಡಿಸಿ, ರಾಣಿಯಿಂದ ಹಿಡಿದು ಕುಳ್ಳರವರೆಗೆ ಎಲ್ಲ ಪಾತ್ರಗಳನ್ನೂ ತಾವೇ ಅಭಿನಯಿಸಿ ಇಡೀ ಕಥೆ ಹೇಳಿದರು. ಆವರೆಗೆ ಅವರೆಲ್ಲರೂ ಮಾಡಿದ್ದು ಏಳೆಂಟು ನಿಮಿಷಗಳ ನಗೆಚಿತ್ರಗಳನ್ನು. ಇಲಿ, ಹಂದಿ, ಬಾತುಕೋಳಿಗಳ ಮೈಯನ್ನು ರಬ್ಬರಿನಂತೆ ಎಳೆದು ಬಾಗಿಸುವುದು ಅವರಿಗೆ ಕರತಲಾಮಲಕವಾಗಿತ್ತು. ಮನುಷ್ಯರನ್ನು ಮನುಷ್ಯರಂತೆಯೇ ನಡೆಸುವುದು ಬೇರೆಯದೇ ವಿದ್ಯೆ. ಇಲಿಯ ಕಾಲು ತಪ್ಪಾಗಿ ಮಡಚಿದರೆ ಯಾರೂ ಗಮನಿಸುವುದಿಲ್ಲ, ಹುಡುಗಿಯೊಬ್ಬಳ ಭುಜ ಕೂದಲೆಳೆಯಷ್ಟು ಸರಿಯದಿದ್ದರೂ ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ ಚಿತ್ರಕಾರರಿಗೆ ಸ್ಟುಡಿಯೋದಲ್ಲಿಯೇ ರೇಖಾಭ್ಯಾಸದ ತರಗತಿಗಳು ನಡೆದವು. ಮಾರ್ಜ್ ಬೆಲ್ಚರ್ ಎಂಬ ಎಳೆಯ ನರ್ತಕಿ ಕ್ಯಾಮೆರಾದ ಮುಂದೆ ನಡೆದು, ತಿರುಗಿ, ಕುಣಿದು ತೋರಿಸಿದಳು. ಆ ಚಿತ್ರಣವನ್ನು ಎದುರಿಗಿಟ್ಟುಕೊಂಡು ಅವರು ಸ್ನೋ ವೈಟಳ ಚಲನೆಯನ್ನು ರೂಪಿಸಿದರು.

ಹುಡುಗಿ ಹೇಗೋ ಅವರ ಕೈಗೆ ಒಲಿದಳು, ರಾಜಕುಮಾರ ಒಲಿಯಲಿಲ್ಲ. ಗಂಡಸಿನ ದೇಹವನ್ನು ಸಹಜವಾಗಿ ಚಲಿಸುವಂತೆ ಬರೆಯುವುದು ಎಲ್ಲಕ್ಕಿಂತ ಕಠಿಣವೆನಿಸಿ, ಅವನಿಗೆಂದು ಯೋಚಿಸಿದ್ದ ಸನ್ನಿವೇಶಗಳು ಕರಗುತ್ತಾ ಹೋಗಿ, ಉಳಿದದ್ದು ಆರಂಭದ ಬಾವಿಕಟ್ಟೆಯ ಹಾಡು ಮತ್ತು ಕೊನೆಯ ಮುತ್ತು ಮಾತ್ರ. ಕೊನೆಯ ಭಾಗದ ಒಂದು ದೃಶ್ಯದಲ್ಲಿ ಅವನ ಚಿತ್ರ ಪರದೆಯ ಮೇಲೆ ಸಣ್ಣಗೆ ಅದುರುತ್ತಿತ್ತೆಂದೂ, ತಿದ್ದಲು ವಾಲ್ಟ್ ಹಣ ಕೇಳಿದಾಗ ಲೆಕ್ಕ ನೋಡಿಕೊಳ್ಳುತ್ತಿದ್ದ ಅಣ್ಣ ರಾಯ್ ಒಪ್ಪದೆ, ಅದುರಿದರೆ ಅದುರಲಿ ಎಂದುಬಿಟ್ಟರೆಂದೂ ಆ ಸ್ಟುಡಿಯೋದವರು ಹೇಳಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಎರಡೂವರೆ ಲಕ್ಷ ಡಾಲರ್ ಎಂದು ಅಂದಾಜಿಸಿದ್ದ ಖರ್ಚು ಹದಿನೈದು ಲಕ್ಷದ ಹತ್ತಿರ ಬಂದಿತ್ತು. ಹಾಲಿವುಡ್ಡಿನಲ್ಲಿ ಈ ಸಾಹಸಕ್ಕೆ ‘ಡಿಸ್ನಿಯ ಮೂರ್ಖತನ’ ಎಂದೇ ಹೆಸರು ಬಿದ್ದಿತ್ತು.

ರಾಜಕುಮಾರ ಹೀಗೆ ಬದಿಗೆ ಸರಿದದ್ದರಿಂದ ಚಿತ್ರದ ಎದೆಯಲ್ಲಿ ದೊಡ್ಡದೊಂದು ಜಾಗ ತೆರವಾಯಿತು, ಅಲ್ಲಿ ಏಳು ಮಂದಿ ಕುಳ್ಳರು ಬಂದು ಕುಳಿತರು. ಇದು ನನ್ನ ಎಣಿಕೆ, ಮತ್ತು ಈ ಚಿತ್ರ ಬಾಳಿದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ. 1812ರಲ್ಲಿ ಜರ್ಮನಿಯ ಗ್ರಿಮ್ ಸೋದರರು ಪ್ರಕಟಿಸಿದ ಮೂಲ ಕಥೆಯಲ್ಲಿ ಕುಳ್ಳರಿಗೆ ಹೆಸರಿಲ್ಲ, ಒಬ್ಬನಿಗೂ ಇನ್ನೊಬ್ಬನಿಗೂ ವ್ಯತ್ಯಾಸವೂ ಇಲ್ಲ. ಅಡುಗೆ ಮಾಡಿ, ಹಾಸಿಗೆ ಹಾಸಿ, ಬಟ್ಟೆ ಒಗೆದು, ಹೊಲಿದರೆ ಇಲ್ಲಿ ಇರಬಹುದು ಎಂದು ಅವರೇ ಕರಾರು ಹಾಕುತ್ತಾರೆ. ಆ ಕಥೆಯಲ್ಲಿ ಮುತ್ತೂ ಇಲ್ಲವೆಂಬುದು ನಿನಗೆ ಸ್ವಲ್ಪ ಸಮಾಧಾನ ಕೊಡಬಹುದು: ಅದರ ಮುಂದಿನ ಮುದ್ರಣಗಳಲ್ಲಿ, ಗಾಜಿನ ಪೆಟ್ಟಿಗೆಯನ್ನು ಹೊತ್ತವರು ಎಡವಿದಾಗ ಗಂಟಲಲ್ಲಿ ಸಿಕ್ಕಿದ್ದ ಸೇಬಿನ ಚೂರು ಹೊರಬಿದ್ದು ಹುಡುಗಿ ಎದ್ದು ಕೂರುತ್ತಾಳೆ. ಮೊದಲ ಮುದ್ರಣದಲ್ಲಿ ಅವಳನ್ನು ಕೊಲ್ಲಹೊರಟವಳು ಹೆತ್ತ ತಾಯಿಯೇ. ಅದನ್ನು ಮಲತಾಯಿ ಎಂದು ಬದಲಿಸಿದ್ದು 1819ರ ಮುದ್ರಣ. ಮನೆಗೆಲಸದ ಬಗ್ಗೆ ನಿನ್ನ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಚಿತ್ರದಲ್ಲಿ ಆ ಹುಡುಗಿ ಪೊರಕೆ ಹಿಡಿಯುವ ಮುನ್ನ ಏನು ಯೋಚಿಸುತ್ತಾಳೆಂಬುದನ್ನು ಗಮನಿಸು: ಪುಟ್ಟ ಕುರ್ಚಿಗಳನ್ನು ನೋಡಿ ಇಲ್ಲಿ ತಾಯಿಯಿಲ್ಲದ ಏಳು ಮಕ್ಕಳಿರಬೇಕು ಎಂದುಕೊಳ್ಳುತ್ತಾಳೆ. ತಾಯಿಯಿಲ್ಲದವಳಿಗೆ ಮೊದಲು ಹೊಳೆದದ್ದು ಅದು.

ಚಿತ್ರದಲ್ಲಿ ಏಳು ಮಂದಿಗೂ ಹೆಸರು ಸಿಕ್ಕಿತು: ಡಾಕ್, ಗ್ರಂಪಿ, ಹ್ಯಾಪಿ, ಸ್ಲೀಪಿ, ಬ್ಯಾಷ್‌ಫುಲ್, ಸ್ನೀಜಿ, ಡೋಪಿ. ಹೆಸರಿಗಿಂತ ಮುಖ್ಯವಾಗಿ, ಪ್ರತಿಯೊಬ್ಬನಿಗೂ ಅವನದೇ ನಡಿಗೆ ಸಿಕ್ಕಿತು. ಆವರೆಗಿನ ಬಹುಪಾಲು ವ್ಯಂಗ್ಯಚಿತ್ರಗಳಲ್ಲಿ ಒಳ್ಳೆಯವನು ಒಳ್ಳೆಯವನ ಹಾಗೆಯೂ ಕೆಟ್ಟವನು ಕೆಟ್ಟವನ ಹಾಗೆಯೂ ಕಾಣುತ್ತಿದ್ದ. ಇಲ್ಲಿ ಒಂದೇ ಎತ್ತರದ, ಒಂದೇ ಬಗೆಯ ಉಡುಪಿನ ಏಳು ಜನ ಬರಿಯ ಹೆಜ್ಜೆಯ ಗತಿಯಿಂದ, ಭುಜದ ಬಾಗಿನಿಂದ ಬೇರೆಬೇರೆಯಾಗಿ ಗುರುತು ಸಿಗುತ್ತಾರೆ. ಡೋಪಿ ಒಂದು ಮಾತನ್ನೂ ಆಡುವುದಿಲ್ಲ. ಗ್ರಂಪಿಯನ್ನು ಬರೆದವರಲ್ಲಿ ಮುಖ್ಯರು ಬಿಲ್ ಟಿಟ್ಲಾ. ಕುಳ್ಳರು ಗಣಿಗೆ ಹೊರಡುವ ಬೆಳಗ್ಗೆ ಸ್ನೋ ವೈಟ್ ಗ್ರಂಪಿಯ ಬೋಳುತಲೆಗೂ ಮುತ್ತಿಡುತ್ತಾಳೆ. ಅವನು ಕೊಸರಿಕೊಂಡು ದುರುದುರನೆ ನಡೆದು ಹೋಗುತ್ತಾನೆ. ನಾಲ್ಕು ಹೆಜ್ಜೆಯಾದ ಮೇಲೆ ಕಾಲು ನಿಧಾನವಾಗುತ್ತದೆ, ಹುಬ್ಬು ಸಡಿಲುತ್ತದೆ, ಮುಖವೆಲ್ಲ ಕರಗಿ ಒಂದು ನಿಟ್ಟುಸಿರು ಹೊರಬರುತ್ತದೆ. ತಿರುಗಿ ನೋಡಿ, ಅವಳು ನೋಡುತ್ತಿರುವುದು ಗೊತ್ತಾದೊಡನೆ ಮತ್ತೆ ಹುಬ್ಬು ಗಂಟಿಕ್ಕುತ್ತಾನೆ. ಒಂದು ಮನಸ್ಸು ತನ್ನನ್ನೇ ಮುಚ್ಚಿಟ್ಟುಕೊಳ್ಳಲು ಹೆಣಗುವುದನ್ನು ಪೆನ್ಸಿಲ್ಲಿನ ಗೆರೆ ಇಷ್ಟು ಸ್ಪಷ್ಟವಾಗಿ ಹಿಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುಂದೆ, ‘ರಾಣಿ ಅವಳನ್ನು ಕೊಲ್ಲುತ್ತಾಳೆ, ಉಳಿಸಬೇಕು’ ಎಂದು ಕೂಗಿ ಜಿಂಕೆಯ ಬೆನ್ನೇರಿ ಮುಂದೆ ನುಗ್ಗುವವನೂ ಅವನೇ.

ಇನ್ನು ನೀನು ಪ್ರಶ್ನೆ ಕೇಳಿದ ದೃಶ್ಯ. ಗ್ರಿಮ್ ಕಥೆಯಲ್ಲಿ ಇದು ಒಂದೇ ಮಾತಿನಲ್ಲಿ ಮುಗಿಯುತ್ತದೆ: ಏಳು ಮಂದಿಯೂ ಸುತ್ತ ಕುಳಿತು ಮೂರು ದಿನ ಅತ್ತರು. ಈ ಒಂದು ವಾಕ್ಯವನ್ನು ದೃಶ್ಯವಾಗಿಸುವ ಕೆಲಸ ಆಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಫ್ರಾಂಕ್ ಥಾಮಸ್ ಅವರಿಗೆ ಬಂತು. ಅನಿಮೇಷನ್ನಿನಲ್ಲಿ ನಿಶ್ಚಲತೆಯಷ್ಟು ಅಪಾಯಕಾರಿಯಾದದ್ದು ಬೇರೊಂದಿಲ್ಲ. ತೆರೆಯ ಮೇಲೆ ನಟನೊಬ್ಬ ಸುಮ್ಮನೆ ಕುಳಿತರೂ ಅವನ ಉಸಿರು ಕಾಣುತ್ತದೆ. ಬರೆದ ಚಿತ್ರ ಚಲಿಸುವುದನ್ನು ನಿಲ್ಲಿಸಿದ ಕ್ಷಣದಲ್ಲಿಯೇ ಬರಿಯ ಕಾಗದವಾಗಿಬಿಡುತ್ತದೆ. ದುಃಖಕ್ಕೋ ನಿಶ್ಚಲತೆಯೇ ಬೇಕು. ಥಾಮಸ್ ಕುಳ್ಳರನ್ನು ಹೆಚ್ಚುಕಡಿಮೆ ಅಲುಗದಂತೆ ಇಟ್ಟು, ಉರುಳುವ ಒಂದು ಕಣ್ಣೀರು, ನಿಧಾನವಾಗಿ ಕುಸಿಯುವ ಒಂದು ತಲೆ, ಇಷ್ಟನ್ನೇ ಚಲಿಸಲು ಬಿಟ್ಟರು. ಮಾತಿಲ್ಲ, ಆರ್ಗನ್ನಿನ ನಾದ, ಉರಿಯುವ ಮೋಂಬತ್ತಿ. ಆರು ಮಂದಿಯ ಅಳುವನ್ನು ನಾವು ನಿರೀಕ್ಷಿಸಿರುತ್ತೇವೆ. ಗ್ರಂಪಿ ತಡೆದುಕೊಳ್ಳಲು ನೋಡಿ, ಆಗದೆ, ಮುಖ ತಿರುಗಿಸಿ ಅಳುತ್ತಾನೆ. 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸಿನ ಕಾರ್ಥೆ ಸರ್ಕಲ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ನಡೆದಾಗ, ಚಿತ್ರರಂಗದ ಹೆಸರಾಂತ ನಟನಟಿಯರು ತುಂಬಿದ್ದ ಸಭೆ ಈ ದೃಶ್ಯಕ್ಕೆ ಬಿಕ್ಕಿಬಿಕ್ಕಿ ಅತ್ತಿತು. ಬಣ್ಣ ಬಳಿದ ಹಾಳೆಗಳನ್ನು ನೋಡಿ ಜನ ಎಂಬತ್ತು ನಿಮಿಷ ಕೂರಲಾರರು ಎಂದು ಹೇಳಿದವರ ಊಹೆ ಅಂದೇ ಸುಳ್ಳಾಯಿತು.

ಒಬ್ಬರ ಮೇಲಿನ ಪ್ರೀತಿ ನಮಗೇ ಗೊತ್ತಾಗದಂತೆ ಒಳಗೆ ಬೆಳೆದು, ಅವರು ಇಲ್ಲವಾದಾಗ ಮಾತ್ರ ಕಾಣುತ್ತದೆಂಬುದನ್ನು ಈ ಚಿತ್ರ ಐದು ವರ್ಷದ ಮಗುವಿಗೂ ಎಪ್ಪತ್ತರ ಮುದುಕನಿಗೂ ಒಂದೇ ಏಟಿಗೆ ದಾಟಿಸುತ್ತದೆ. ಆ ಮಲಗಿದವಳು ಏಳುತ್ತಾಳೆಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಿನ್ನೆ ನನ್ನ ಕಣ್ಣು ಒದ್ದೆಯಾಯಿತು.

ಕಾಡಿನ ದೃಶ್ಯ ಬಂದಾಗ ಪುಟ್ಟಿ ಹೆದರುತ್ತಾಳೆ, ನೀನೂ ನನ್ನ ಅಂಗಿಯಲ್ಲಿ ಮುಖ ಹುದುಗಿಸಿದ್ದೆ. ಕೊಂಬೆಗಳು ಕೈಗಳಾಗುತ್ತವೆ, ದಿಮ್ಮಿಗಳು ಮೊಸಳೆಗಳಾಗುತ್ತವೆ, ಕತ್ತಲೆಯ ತುಂಬ ಕಣ್ಣುಗಳು ತೆರೆಯುತ್ತವೆ. ದಯವಿಟ್ಟು ಆ ಭಾಗವನ್ನು ಓಡಿಸಿ ಮುಂದೆ ಹೋಗಬೇಡ. ಹುಡುಗಿ ಬಿದ್ದು ಅಳುತ್ತಿರುವಾಗ ಬೆಳಕು ಬರುತ್ತದೆ, ಆ ಕಣ್ಣುಗಳೆಲ್ಲ ಮೊಲದ, ಜಿಂಕೆಮರಿಯ, ಅಳಿಲಿನ ಕಣ್ಣುಗಳಾಗಿರುತ್ತವೆ; ಅವಳಿಗಿಂತ ಹೆಚ್ಚು ಹೆದರಿದ್ದು ಅವು. ಭಯವನ್ನು ಅನುಭವಿಸದ ಮಗುವಿಗೆ ಆ ಬೆಳಕೂ ಸಿಗುವುದಿಲ್ಲ.

ಹೆಣ್ಣುಮಗಳನ್ನು ಬೆಳೆಸುತ್ತಿರುವ ನಿನಗೆ ಇನ್ನೊಂದು ವಿಷಯವನ್ನು ಹೇಳಬೇಕು. ಎಂಬತ್ತಮೂರು ನಿಮಿಷದ ಈ ಚಿತ್ರಕ್ಕೆ, ಸೆಕೆಂಡಿಗೆ ಇಪ್ಪತ್ತನಾಲ್ಕು ಬಿಡಿಚಿತ್ರಗಳಂತೆ ಲೆಕ್ಕ ಹಾಕಿದರೆ, ಒಂದು ಲಕ್ಷ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಚೌಕಟ್ಟುಗಳು ಬೇಕು. ಅನಿಮೇಟರುಗಳು ಕಾಗದದ ಮೇಲೆ ಬರೆದ ಗೆರೆಗಳನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಮಸಿಯಲ್ಲಿ ತಿದ್ದಿ, ಹಿಂಬದಿಯಲ್ಲಿ ಬಣ್ಣ ತುಂಬಿದವರು ಬಹುಮಟ್ಟಿಗೆ ಯುವತಿಯರು. ಚಿತ್ರ ಬರೆಯುವ ಮೇಜುಗಳು ಆ ಕಾಲದಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ತೆರೆದಿರಲಿಲ್ಲ. ಸ್ನೋ ವೈಟಳ ಕೆನ್ನೆ ಬರಿಯ ಬಣ್ಣದಿಂದ ಜೀವ ತಳೆಯದಿದ್ದಾಗ, ಹಾಳೆಯಿಂದ ಹಾಳೆಗೆ ಒಂದೇ ಜಾಗದಲ್ಲಿ, ಒಂದೇ ಹದದಲ್ಲಿ ಕೆಂಪನ್ನು ಕಣ್ಣಳತೆಯಿಂದಲೇ ಸವರಿದ್ದು ಆ ಕೈಗಳು. ಅವಳಿಗೆ ದನಿ ಕೊಟ್ಟ ಏಡ್ರಿಯಾನಾ ಕ್ಯಾಸೆಲೋಟಿಯವರ ಹೆಸರು ಬಿಡುಗಡೆಯಾದ ಚಿತ್ರದ ಹೆಸರುಪಟ್ಟಿಯಲ್ಲಿ ಇರಲಿಲ್ಲ. ಪ್ರಶಸ್ತಿ ಬಂದಾಗ, 1939ರಲ್ಲಿ, ಒಂದು ದೊಡ್ಡ ಆಸ್ಕರ್ ಪ್ರತಿಮೆಯನ್ನೂ ಏಳು ಚಿಕ್ಕ ಪ್ರತಿಮೆಗಳನ್ನೂ ಡಿಸ್ನಿಯವರ ಕೈಗಿತ್ತದ್ದು ಬಾಲನಟಿ ಶರ್ಲಿ ಟೆಂಪಲ್. ಪುಟ್ಟಿ ದೊಡ್ಡವಳಾದ ಮೇಲೆ ಅವಳಿಗೆ ಆ ಏಳು ಪ್ರತಿಮೆಗಳ ಕಥೆಯ ಜೊತೆಗೆ ಕೆನ್ನೆಗೆ ಕೆಂಪು ಸವರಿದವರ ಕಥೆಯನ್ನೂ ಹೇಳು.

ಹಾಗಾಗಿ ನನ್ನ ಉತ್ತರ: ತೋರಿಸು. ಮುತ್ತಿನ ಬಗ್ಗೆ ನಿನಗನಿಸಿದ್ದನ್ನು ಅವಳಿಗೆ ನೇರವಾಗಿ ಹೇಳು, ಚಿತ್ರ ಅದನ್ನು ತಾಳಿಕೊಳ್ಳುತ್ತದೆ. ಏಳು ಮಂದಿ ಮಂಡಿಯೂರಿದಾಗ ಮಾತ್ರ ಏನೂ ಹೇಳಬೇಡ.

ಅಂದು ರಾತ್ರಿ ನಾನು ಉತ್ತರಿಸದೆ ಹೋದದ್ದಕ್ಕೋ ಏನೋ, ಮರುದಿನ ನೀನು ಆ ದೃಶ್ಯವನ್ನು ಚಿತ್ರವಾಗಿ ಬರೆದೆ. ಮಂಚದ ಸುತ್ತ ಆರು ಜನ ನಮ್ಮ ಕಡೆಗೆ ಮುಖ ಮಾಡಿದ್ದಾರೆ, ಏಳನೆಯವನು ಅಂಚಿನಲ್ಲಿ ಬೆನ್ನು ಮಾಡಿ ನಿಂತಿದ್ದಾನೆ. ಇವನ ಮುಖವೆಲ್ಲಿ ಎಂದು ಕೇಳಿದ್ದಕ್ಕೆ, ಅಳುವ ಮುಖ ಬರೆಯಲು ಬರುವುದಿಲ್ಲ, ಅದಕ್ಕೇ ತಿರುಗಿಸಿದೆ ಎಂದೆ. ಆ ಹಾಳೆಯನ್ನು ಈ ಪತ್ರದೊಳಗೆ ಮಡಚಿಟ್ಟಿದ್ದೇನೆ. ಪೆನ್ಸಿಲ್ ಗೆರೆಗಳು ಮಾಸಿವೆ, ಬೆಳಕಿಗೆ ಹಿಡಿದು ನೋಡು.

ನಿನ್ನ
ಅಪ್ಪ