ಆ ಫೋಟೊ ನೀಲಿ ಗಿಡದ್ದಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲೇ ನೀಲಿ ಬಣ್ಣ ತೆಗೆಯುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಜೊತೆಗೆ ಹಾಕಿದ ಫೋಟೊ ನೀಲಿ ಗಿಡದ್ದಲ್ಲ. ಅದು ಕಾಡುನೀಲಿ. ಕೊಗ್ಗಿಲಿ ಅಂತಲೂ ಹೇಳುತ್ತಾರೆ, ಆಯುರ್ವೇದದವರಿಗೆ ಶರಪುಂಖ. ಒಣ ಬಯಲಿನಲ್ಲಿ, ರಸ್ತೆ ಬದಿಯಲ್ಲಿ, ಕಲ್ಲು ನೆಲದಲ್ಲಿ ಮೊಣಕಾಲೆತ್ತರಕ್ಕೆ ಬೆಳೆದು ನೇರಳೆ ಹೂ ಬಿಡುವ ಗಿಡ.

ಹೆಸರಲ್ಲಿ ನೀಲಿ ಇದೆಯಲ್ಲ ಅಂತ ನಾನೂ ಒಮ್ಮೆ ಮೋಸಹೋಗಿದ್ದೆ. ಒಂದು ಬುಟ್ಟಿ ಸೊಪ್ಪು ಕಿತ್ತು ತಂದು, ಬಕೆಟ್ಟಿನಲ್ಲಿ ನೆನೆಹಾಕಿ, ಎರಡು ದಿನ ಆ ಕೊಳೆತ ವಾಸನೆ ಸಹಿಸಿಕೊಂಡು, ಆಮೇಲೆ ಗಾಳಿ ಸೇರಲಿ ಅಂತ ಕೈ ಸೋಲುವವರೆಗೂ ಕಡೆದೆ. ಸಿಕ್ಕಿದ್ದು ಕಂದು ನೀರು. ಒಂದು ಬಿಳಿ ಅಂಗಿಯೂ ಹಾಳಾಯಿತು.

ಗುರುತು ಹಿಡಿಯುವುದು ಕಷ್ಟವೇನಲ್ಲ. ಒಂದು ಪುಟ್ಟ ಎಲೆಯ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಕಾಡುನೀಲಿಯಾದರೆ ಅದು ಅಡ್ಡಕ್ಕೆ ಹರಿಯುವುದಿಲ್ಲ. ನಡುನರದ ಎರಡೂ ಕಡೆ ಓರೆಯಾಗಿ ಹರಿದು, ಬಾಣದ ಹಿಂಬದಿಗೆ ಕಟ್ಟಿದ ಗರಿಯ ಹಾಗೆ ಕಾಣುತ್ತದೆ. ಶರ ಅಂದರೆ ಬಾಣ, ಪುಂಖ ಅಂದರೆ ಅದೇ ಗರಿಯ ಭಾಗ. ಹೆಸರಿಟ್ಟವರು ಎಲೆ ಹರಿದು ನೋಡಿಯೇ ಇಟ್ಟಿರಬೇಕು, ಅಲ್ವಾ? ಕಾಯಿಯೂ ಬೇರೆ. ಇದರದ್ದು ಚಪ್ಪಟೆ. ಬಣ್ಣ ಕೊಡುವ ನಿಜವಾದ ನೀಲಿ ಗಿಡ, ಅಂದರೆ ಇಂಡಿಗೋಫೆರಾ ಟಿಂಕ್ಟೋರಿಯಾದ ಕಾಯಿ ದುಂಡಗೆ, ಸಣ್ಣ ಕಡ್ಡಿಯ ಹಾಗಿರುತ್ತದೆ.

ಹಾಗಂತ ಕಾಡುನೀಲಿ ಕೆಲಸಕ್ಕೆ ಬಾರದ ಕಳೆ ಅಂತ ಕಿತ್ತೆಸೆಯಬೇಡಿ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತವೆ, ಆದ್ದರಿಂದ ಇದು ಒಳ್ಳೆಯ ಹಸಿರೆಲೆ ಗೊಬ್ಬರ. ದನಗಳು ಅಷ್ಟಾಗಿ ಮುಟ್ಟುವುದಿಲ್ಲ, ಬೇಲಿಯಿಲ್ಲದ ಹೊಲದವರಿಗೆ ಇದೇ ದೊಡ್ಡ ಅನುಕೂಲ. ತಲೆನೋವು ಬೀಜದ್ದು. ಸಿಪ್ಪೆ ಎಷ್ಟು ಗಟ್ಟಿ ಅಂದರೆ ಹಾಗೇ ಎರಚಿದರೆ ಜಾಸ್ತಿ ಮೊಳೆಯುವುದಿಲ್ಲ. ದಪ್ಪ ಮರಳಿನ ಜೊತೆ ಹಾಕಿ ಚೆನ್ನಾಗಿ ಉಜ್ಜಿ, ಸಿಪ್ಪೆಗೆ ಗೀರು ಬೀಳಿಸಿ ಬಿತ್ತಬೇಕು.

ಇನ್ನೊಂದು ಮಾತು. ಶರಪುಂಖ ಔಷಧಿ ಅಂತ ಬೇರು ಕಿತ್ತು ಕಷಾಯ ಮಾಡಿಕೊಂಡು ಕುಡಿಯುವವರೂ ಇದ್ದಾರೆ. ಕಾಡುನೀಲಿ ಸೇರಿರುವ ಟೆಫ್ರೋಸಿಯಾ ಕುಲದ ಕೆಲವು ಗಿಡಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಾರೆ, ಮೀನಿಗೆ ಅದು ವಿಷ. ವೈದ್ಯರನ್ನು ಕೇಳದೆ ಕುಡಿಯುವ ಧೈರ್ಯ ನನಗಂತೂ ಇಲ್ಲ.

ಮುಂದಿನ ಸಲ ದಯವಿಟ್ಟು ಕಾಯಿಯೂ ಕಾಣುವ ಫೋಟೊ ಹಾಕಿ. ಬರೀ ಹೂ ನೋಡಿ ಇವೆರಡನ್ನು ಬೇರೆ ಮಾಡಲು ನನ್ನಂಥವರಿಗೆ ಆಗುವುದಿಲ್ಲ.

ಇತಿ,
ಅಂಗಿ ಕಳೆದುಕೊಂಡ ಓದುಗ